ಅತ್ತೆಯ ಸಿನಿಮಾ

ಹೊಸ ಸೊಸೆಗೆ ಅತ್ತೆಯ ನೆನಪುಗಳನ್ನು ಟಿವಿಯಲ್ಲಿ ತೋರಿಸುವುದು ಕಂಪ್ಲಿಯ ಮನೆಗಳಲ್ಲಿ ಈಗ ವಾಡಿಕೆ. ಮದುವೆಯ ನಂತರದ ಬಾಳು ಧಾರಾವಾಹಿ, ಮುಂಚಿನದು ಒಂದು ಸಿನಿಮಾ.

"ಯಾವುದು ಮೊದ್ಲು ನೋಡ್ಲಿರಿ ಅತ್ತಿ?" ಎಂದು ಶಾಂಭವಿ ಕೇಳಿದಳು.

ನೀಲಗಂಗವ್ವ ರೊಟ್ಟಿ ಬಡಿಯುತ್ತಲೇ ಹೇಳಿದರು: "ಹಿರೇಸೊಸಿ ಧಾರಾವಾಹಿ ಮೊದ್ಲು ಹಚ್ಚಿ ನಿದ್ದಿ ಹೋದ್ಲು. ನೀ ಸಿನಿಮಾ ನೋಡವ್ವ."

ಸಿನಿಮಾದಲ್ಲಿ ತುಂಗಭದ್ರೆ ಉಕ್ಕಿ ಹರಿಯುತ್ತಿತ್ತು. ಲಂಗ-ದಾವಣಿಯ ನೀಲಗಂಗೆ ಒಬ್ಬಳೇ ಹರಿಗೋಲು ನಡೆಸಿ, ನಡುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದವರನ್ನೆಲ್ಲ ದಡಕ್ಕೆ ತಂದಳು.

ಆಮೇಲೆ ಶಾಂಭವಿ ಧಾರಾವಾಹಿ ಹಾಕಿದಳು. ಕಂತು ಕಂತಿಗೂ ಅಡುಗೆಮನೆಯೇ. ಆದರೂ ರೊಟ್ಟಿ ಬಡಿಯುವ ಆ ತೋಳುಗಳಿಂದ ಅವಳಿಗೆ ಕಣ್ಣು ಕೀಳಲಾಗಲಿಲ್ಲ.

"ಅತ್ತಿ, ನನಗೂ ಹರಿಗೋಲಿಗೆ ಹುಟ್ಟು ಹಾಕೋದು ಕಲಿಸ್ತೀರೇನು?"

ನೀಲಗಂಗವ್ವ ಒಲೆ ಆರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ನಡಿ, ಇನ್ನೂ ಬೆಳಕೈತಿ."