ತುದಿ ಸಿಗದ ಕೆಂಪು ನೂಲು

"ಈ ಪ್ರೋಗ್ರಾಂ ಅಳಿಸಿಬಿಡೋಣ್ರಿ, ಹೊಸ ಸಾಫ್ಟ್‌ವೇರಿಗೆ ಇದು ಹೊಂದಂಗಿಲ್ಲ," ಎನ್ನುತ್ತ ಹುಬ್ಬಳ್ಳಿಯ ಎಂಜಿನಿಯರ್ ಪಟ್ಟಣಶೆಟ್ಟಿ ಕಂಪ್ಯೂಟರಿನ ಕೀಲಿಮಣೆಯ ಮೇಲೆ ಬೆರಳಿಟ್ಟರು. "ಒಂದ ತಾಸು ತಡೀರಿ ಸರ್," ಎಂದಳು ಮಹಾನಂದಾ. ಗಂಗಾವತಿಯ ಬೀಜ ಸಂಘದ ಭತ್ತದ ತಳಿಗಳ ಪಟ್ಟಿಗಾಗಿ ಮೂರು ವರ್ಷದ ಹಿಂದೆ ಅದನ್ನು ಬರೆದವಳು ಅವಳೇ. ಹೊಸ ಸಾಫ್ಟ್‌ವೇರ್ ಹಾಕಿದ ದಿನದಿಂದ ಅದು ಕಂಪೈಲ್ ಆಗುತ್ತಿರಲಿಲ್ಲ; ಬರೆದ ಸಾಲುಗಳನ್ನು ಯಂತ್ರ ತನ್ನ ಭಾಷೆಗೆ ತಿರುಗಿಸಿಕೊಳ್ಳದೆ ತಪ್ಪು ಎನ್ನುತ್ತಿತ್ತು.

ಹನ್ನೆರಡು ಹಾಳೆಗಳ ಪ್ರಿಂಟನ್ನು ನೆಲಕ್ಕೆ ಹಾಸಿ, ಚೀಲದಿಂದ ಕೆಂಪು ನೂಲಿನ ಉಂಡೆ ತೆಗೆದಳು. 'ಹೀಗಿದ್ದರೆ ಹೀಗೆ ಮಾಡು' ಎನ್ನುವ ಒಂದೊಂದು ಷರತ್ತು ಶುರುವಾದ ಸಾಲಿಗೆ ನೂಲಿನ ಒಂದು ತುದಿ, ಅದು ಮುಗಿದ ಸಾಲಿಗೆ ಇನ್ನೊಂದು ತುದಿ ಅಂಟಿಸುತ್ತ ಮೊಣಕಾಲ ಮೇಲೆ ಸರಿದಳು. ದೋಟಿಹಾಳದ ಮನೆಯಲ್ಲಿ ಅವ್ವ ಮಗ್ಗದ ಮೇಲೆ ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದೂ ಹೀಗೆಯೇ.

"ಇಲ್ಲಿ ಸೀರಿ ನೇಯಾಕತ್ತೀರೇನ್ರಿ?" ಎಂದು ಎಂಜಿನಿಯರ್ ನಕ್ಕರು. ಅವಳು ಮುಂದಿನ ಹಾಳೆಗೆ ಸರಿದಳು. ಒಂಬತ್ತನೆಯ ಹಾಳೆಯಲ್ಲಿ ಒಂದು ನೂಲಿನ ಎರಡನೆಯ ತುದಿಗೆ ಜಾಗವೇ ಸಿಗಲಿಲ್ಲ.

"ತಪ್ಪು ನಂದ ಐತ್ರಿ. ಮುಗಿಸೋ ಸಾಲು ಬಿಟ್ಟೇನಿ. ಹಳೇ ಸಾಫ್ಟ್‌ವೇರು ಮೂರು ವರ್ಷ ಸುಮ್ಮನ ನುಂಗಿಕೊಂಡಿತ್ತು, ಹೊಸದು ಹಿಡಿದು ತೋರಿಸೇತಿ," ಎನ್ನುತ್ತ ಆ ಸಾಲು ಸೇರಿಸಿದಳು. ಕಂಪೈಲ್ ಮಾಡಿದಾಗ ಪರದೆಯ ಮೇಲೆ ಒಂದೂ ತಪ್ಪು ಉಳಿದಿರಲಿಲ್ಲ. ಪಟ್ಟಣಶೆಟ್ಟಿ ಬೂಟು ಕಳಚಿಟ್ಟು, ಹಾಳೆಗಳ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಮೊದಲ ನೂಲಿನಿಂದ ಓದತೊಡಗಿದರು. ಮಹಾನಂದಾ ಪ್ರೋಗ್ರಾಂ ಮತ್ತೆ ತೆರೆದು, ಇಷ್ಟು ದಿನ ಖಾಲಿ ಬಿಟ್ಟಿದ್ದ ಮೊದಲ ಸಾಲಿನಲ್ಲಿ ಟೈಪ್ ಮಾಡಿದಳು: ಬರೆದವರು, ಮಹಾನಂದಾ, ದೋಟಿಹಾಳ.