ಇಸ್ತ್ರಿಗಿಟ್ಟ ಸೊಪ್ಪು

ಫ್ರಿಜ್ಜಿನ ಬಾಗಿಲು ತೆಗೆದದ್ದೇ ತಡ, ಕೊಳೆತ ವಾಸನೆ ಮೂಗಿಗೆ ಬಡಿಯಿತು. ಹೆಂಡತಿ ಕೆಳಗಿನ ಡಬ್ಬದಿಂದ ಒದ್ದೆ ಬಟ್ಟೆಯ ಸುರುಳಿಯೊಂದನ್ನು ಎಳೆದು ಬಿಚ್ಚಿದಳು. ಒಳಗೆ ಕೊತ್ತಂಬರಿ ಸೊಪ್ಪು ಕಪ್ಪಗೆ ಲೋಳೆಯಾಗಿತ್ತು. ಪಕ್ಕದ ಸುರುಳಿಯಲ್ಲಿದ್ದ ಪಾಲಕ್ ಸೊಪ್ಪಿನ ಗತಿಯೂ ಅದೇ.

“ರೀ, ಬನ್ನಿ ಇಲ್ಲಿ!”

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಅವಳ ದನಿ ಇಷ್ಟು ಏರಿದ್ದು ಇದೇ ಮೊದಲು. ಮುಂದಿನ ಕೋಣೆಯಲ್ಲೇ ಇಸ್ತ್ರಿ ಅಂಗಡಿ ಇಟ್ಟಿದ್ದ ಗಂಡ, ಗಿರಾಕಿಯ ಅಂಗಿಯನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದ. ಮಗಳೂ ಸೋಪಿನ ಕೈಯಲ್ಲೇ ಬಂದಳು. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದೇ ನೆಪ, ಅಪ್ಪ ಮಗಳು ಸೇರಿ ಅವಳಿಗೆ ಒಂದು ಲೋಟ ಎತ್ತಲೂ ಬಿಟ್ಟಿರಲಿಲ್ಲ. ಅಡುಗೆ, ಪಾತ್ರೆ, ನೆಲ ಒರೆಸುವುದು, ಎಲ್ಲವೂ ಅವಳಿಲ್ಲದೆ ಸಲೀಸಾಗಿ ಆಗಿಹೋಗುತ್ತಿತ್ತು. ಏನು ಮಾಡಲು ಹೋದರೂ ‘ನೀನು ಸುಮ್ನೆ ಕೂತ್ಕೋ’ ಎಂಬ ಒಂದೇ ಮಾತು. ಕೂತು ಕೂತು ಅವಳಿಗೆ ತನ್ನ ಮನೆಗೇ ತಾನು ನೆಂಟಳಾಗಿ ಬಂದ ಹಾಗಾಗಿತ್ತು.

“ಏನ್ರೀ ಇದು?”

“ಬಾಡಬಾರದು ಅಂತ ನೀರು ಚಿಮುಕಿಸಿ ಬಿಗಿಯಾಗಿ ಸುತ್ತಿಟ್ಟೆ.”

“ಸೊಪ್ಪನ್ನಾ? ಇದೇನು ಇಸ್ತ್ರಿಗೆ ಬಂದ ಕಾಟನ್ ಅಂಗಿನಾ?”

ಮಗಳು ಕಿಸಕ್ಕನೆ ನಕ್ಕಳು. ಗಂಡ ಪೆಚ್ಚಾದ. ನೀರು ಚಿಮುಕಿಸಿ ಸುತ್ತಿಟ್ಟರೆ ಅಂಗಿ ಹದವಾಗಿ ನೆನೆದು ಸುಕ್ಕು ಬಿಡುತ್ತದೆ. ಜೀವಮಾನವಿಡೀ ಮಾಡಿಕೊಂಡು ಬಂದದ್ದನ್ನೇ ಪಾಪ ಇಲ್ಲೂ ಮಾಡಿದ್ದ. ಕೊಳೆತದ್ದನ್ನು ಎಸೆದು, ಕೈ ತೊಳೆದುಕೊಂಡು ಅವನು ಬರುವಷ್ಟರಲ್ಲಿ ಅವಳು ಸ್ಟೂಲ್ ಎಳೆದು ಕೂತು, ಬೆಳಿಗ್ಗೆ ತಂದ ಹೊಸ ಸೊಪ್ಪನ್ನು ಮಡಿಲಿಗೆ ಹಾಕಿಕೊಂಡಿದ್ದಳು.

“ನೋಡಿ, ಮೊದಲು ಹಳದಿ ಎಲೆ ಆರಿಸಿ ತೆಗೀಬೇಕು. ಫ್ಯಾನ್ ಕೆಳಗೆ ಹರಡಿ ನೀರಿನ ಪಸೆ ಹೋಗಿಸ್ಬೇಕು. ಆಮೇಲೆ ಒಣ ಪೇಪರಲ್ಲಿ ಸಡಿಲವಾಗಿ ಸುತ್ತಿ ಡಬ್ಬಕ್ಕೆ ಹಾಕೋದು. ತೊಳೆಯೋದೆಲ್ಲ ಅಡುಗೆಗೆ ತೆಗೆದಾಗ.”

“ಇಷ್ಟೇನಾ? ಇನ್ಮೇಲೆ ಇದನ್ನೂ ನಾನೇ ನೋಡ್ಕೋತೀನಿ ಬಿಡು. ನಿನಗೆ ಈ ತಾಪತ್ರಯನೂ ಬೇಡ” ಎಂದ ಗಂಡ, ಒಳ್ಳೆಯ ಮನಸ್ಸಿನಿಂದಲೇ.

ಎಲೆ ಆರಿಸುತ್ತಿದ್ದ ಅವಳ ಕೈ ನಿಂತಿತು. ಕಣ್ಣು ತುಂಬಿ ಬಂತು.

“ಹೂಂ, ಇದನ್ನೂ ಕಲಿತುಬಿಡಿ. ಆಮೇಲೆ ಈ ಮನೇಲಿ ನಾನ್ಯಾಕೆ?”

ಇವಳನ್ನು ಎಲ್ಲಿ ಕಳಕೊಂಡುಬಿಡುತ್ತೇನೋ ಎಂಬ ಹೆದರಿಕೆಯಲ್ಲಿ ಆಸ್ಪತ್ರೆ ಸುತ್ತಿದವನು ಅವನು. ಮನೆಗೆ ಬಂದ ಮೇಲೆ ಅವಳಿಗೂ ಒಂದು ಹೆದರಿಕೆ ಹುಟ್ಟಿರಬಹುದೆಂದು ಅವನಿಗೆ ಹೊಳೆದಿರಲೇ ಇಲ್ಲ. ಎದ್ದು ಹೋದವನು ಮೂಲೆಯಲ್ಲಿದ್ದ ತರಕಾರಿ ಚೀಲವನ್ನು ಇಡಿಯಾಗಿ ತಂದು ಅವಳ ಕಾಲ ಬಳಿ ಇಟ್ಟ.

“ಅಪ್ಪಾ, ಅಮ್ಮ ಭಾರ ಎತ್ತೋ ಹಾಗಿಲ್ಲ!” ಮಗಳು ಗಾಬರಿಯಾದಳು.

“ಎತ್ತೋಕೆ ನಾನಿದೀನಲ್ಲಮ್ಮ. ಯಾವುದನ್ನ ಎಲ್ಲಿ, ಹೇಗಿಡಬೇಕು ಅಂತ ಅವಳೇ ಹೇಳ್ಲಿ. ನಂಗೆ ಇದರ ತಲೆಬುಡ ಅರ್ಥ ಆಗಲ್ಲ” ಎನ್ನುತ್ತ ಅವನು ಬೀನ್ಸಿಗೆ ಕೈ ಹಾಕಿದ.

ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡು, ಅವನ ಕೈ ಮೇಲೆ ಪಟ್ಟನೆ ಒಂದು ಕೊಟ್ಟಳು.

“ಒದ್ದೆ ಕೈಲಿ ಮುಟ್ಬೇಡಿ. ಮೊದ್ಲು ಒರೆಸ್ಕೊಂಡು ಬನ್ನಿ.”