ದ್ರಾಕ್ಷಿ ತಿನ್ನುವವರು

“ಇದರ ಕೀಲಿಕೈ ಯಾರ ಹತ್ರ ಇರ್ತದ್ರೀ?” ಎಂದು ಶ್ರೀವಾಣಿ ಕೇಳಿದ್ದೇ ತಡ, ತೋಟದ ಸಾಹುಕಾರ ಅಮೋಘಸಿದ್ಧ ಹೆಮ್ಮೆಯಿಂದ ತನ್ನ ಕಿಸೆಯೊಳಗಿಂದ ಅದನ್ನು ತೆಗೆದು ತೋರಿಸಿದ.

ಹೊರ್ತಿ ಊರಿನ ಆ ತೋಟದ ದ್ರಾಕ್ಷಿ ಈ ಸಲ ಯುರೋಪಿಗೆ ಹೋಗುವುದಿತ್ತು. ಕೊಳ್ಳುವವರ ಪರವಾಗಿ ತೋಟ ನೋಡಲು ಬಂದವಳು ವಿಜಯಪುರದ ಶ್ರೀವಾಣಿ. ಅವಳು ಬರುತ್ತಾಳೆಂದೇ ಅಮೋಘಸಿದ್ಧ ಆಳು ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿದ್ದ. ಕಟ್ಟಿಸಿ, ಬಾಗಿಲಿಗೆ ಅರಿಷಿಣ ಕುಂಕುಮ ಹಚ್ಚಿ, ತೋರಣ ಬಿಗಿದು, ಕಾಯಿ ಒಡೆದು, ಕೀಲಿ ಜಡಿದಿದ್ದ. ಬಂದವರ ಕಣ್ಣಿಗೆ ಹೊಚ್ಚ ಹೊಸದಾಗಿ ಕಾಣಬೇಕಲ್ಲ! ಪಾಪ, ಮನುಷ್ಯ ಕೆಟ್ಟವನಲ್ಲ. ಬುದ್ಧಿ ಓಡಿದ್ದು ಅಷ್ಟೇ ದೂರ.

ಶ್ರೀವಾಣಿ ಕೀಲಿ ತೆಗೆಸಿ ಒಳಗೆ ಇಣುಕಿದಳು. ನೆಲದ ಮೇಲೆ ಒಣ ಸಿಮೆಂಟಿನ ಧೂಳು, ಒಂದು ಹೆಜ್ಜೆಯ ಗುರುತೂ ಇಲ್ಲ. ಅವಳು ಗೊಂಚಲು ಕತ್ತರಿಸುತ್ತಿದ್ದ ಕಾವೇರಿಯ ಕಡೆ ತಿರುಗಿದಳು.

“ನೀವೆಲ್ಲಾ ಎಲ್ಲಿಗೆ ಹೋಗ್ತೀರಿ?”

ಕಾವೇರಿ ಕತ್ತರಿ ಕೆಳಗಿಟ್ಟಳು. ಸುಳ್ಳು ಹೇಳಿದರೆ ಈ ಬಾಗಿಲು ಮತ್ತೆ ಮುಚ್ಚುತ್ತದೆ. ನಿಜ ಹೇಳಿದರೆ ನಾಳೆಯಿಂದ ಕೆಲಸಕ್ಕೆ ಸಂಚಕಾರ. ಸಾಹುಕಾರ ಬೇರೆ ದುರುಗುಟ್ಟಿ ನೋಡುತ್ತಿದ್ದ. ಆದರೆ ಬೆಳಗಿನಿಂದ ತಡೆದುಕೊಂಡ ಕಿಬ್ಬೊಟ್ಟೆಗೆ ಸಾಹುಕಾರನ ಹೆದರಿಕೆ ಎಲ್ಲಿಯದು?

“ಬದುವಿನ ಆಚಿ ಕಬ್ಬಿನ್ಯಾಗ ಹೋಗ್ತಿದ್ವಿರಿ ಅಕ್ಕಾರ. ಮೊನ್ನಿಂದ ಕಬ್ಬು ಕಡ್ಯಾಕತ್ತಾರ, ಮರೆ ಇಲ್ದಂಗಾತು. ಈಗ ಸಂಜೀತನಕ ತಡ್ಕೊಳ್ಳೂದ ಐತಿ.”

“ಹೊಲಸ ಮಾಡ್ತಾರಂತ ಕೀಲಿ ಹಾಕೇನ್ರಿ,” ಅಮೋಘಸಿದ್ಧ ನಡುವೆ ಬಾಯಿ ಹಾಕಿದ. “ನೀವು ನೋಡಿ ಹೋದ ಮ್ಯಾಲ ತೆಗೀತಿದ್ದೆ.”

“ನಾ ಗ್ವಾಡಿ ನೋಡ್ಲಿಕ್ಕೆ ಬಂದಿಲ್ರೀ,” ಎಂದಳು ಶ್ರೀವಾಣಿ. “ಅಲ್ಲೆ ಯುರೋಪಿನೊಳಗ ಇಪ್ಪತ್ತೇಳು ದೇಶ ಕೂಡಿ ಒಂದು ಮಾತು ಒಪ್ಪ್ಯಾವ. ಮನುಷ್ಯಾ ಅಂದಮ್ಯಾಲೆ ಮರ್ಯಾದಿಯಿಂದ ಬದುಕ್ಲಿಕ್ಕೆ ಹಕ್ಕದ, ಅಂತ. ತಾವು ತಿನ್ನೋ ಹಣ್ಣು ಕೊಯ್ಯೋರಿಗೂ ಆ ಮರ್ಯಾದಿ ಅದನೋ ಇಲ್ಲೋ ಅಂತ ಕೇಳ್ತಾರ. ಕೀಲಿಕೈ ಇವರ ಕೈಗೆ ಕೊಡ್ರಿ. ನಿಜಾ ಹೇಳಿದ್ದಕ್ಕ ಇವರನ್ನ ಕೆಲಸದಿಂದ ಬಿಡಿಸಿದ್ರ, ನಿಮ್ಮ ಹಣ್ಣು ಹೋಗೂದಿಲ್ಲ.”

ಅಮೋಘಸಿದ್ಧ ತಲೆ ಕೆರೆದುಕೊಂಡು ಕೀಲಿಕೈ ಕೊಟ್ಟ.

ಕಾವೇರಿ ಒಳಗೆ ಹೋಗಿ ಹೊರಗೆ ಬಂದಾಗ ಅವಳ ಕಣ್ಣು ತುಂಬಿದ್ದವು. ಹೆಸರೂ ಬಾರದ ಊರಿನವರು, ಮುಖವನ್ನೇ ಕಾಣದವರು, ತನ್ನಂಥವಳೂ ಒಬ್ಬಳು ಇದ್ದಾಳೆಂದು ವಿಚಾರಿಸಿದರಲ್ಲ! ಅವರ ಹೊಟ್ಟೆ ತಣ್ಣಗಿರಲಿ ಎಂದು ಮನಸಾರೆ ಹರಸಿದಳು. “ಅಕ್ಕಾರ, ಹೊರ್ತಿ ಕಾವೇರಿ ನೆನಸಿದ್ಲು ಅಂತ ಅವ್ರಿಗೆ ಹೇಳ್ರಿ,” ಎಂದು ಶ್ರೀವಾಣಿಯ ಎರಡೂ ಕೈ ಹಿಡಿದುಕೊಂಡಳು.

ಆಚೆ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದ ಸೈದಾಬಿ ಬದುವಿನ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಕಾವೇರಿ ಅವಳನ್ನೂ ಕೈಮಾಡಿ ಕರೆದಳು.

“ಬಾ ಸೈದಾಬಿ, ನೀನೂ ಹೋಗಿ ಬಾ.”

ಹೋಗಿ ಬಂದ ಸೈದಾಬಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದಳು, “ನಮ್ಮನ್ನೂ ಹಿಂಗ ಕೇಳಾಕ ಯಾರರ ಬರ್ತಾರೇನು?”

“ಬರ್ತಾರ ತಗೋ. ದ್ರಾಕ್ಷಿ ತಿನ್ನಾವ್ರು ನಮ್ಮನ್ನ ಕೇಳ್ಯಾರ, ಸಕ್ಕರಿ ತಿನ್ನಾವ್ರು ನಿಮ್ಮನ್ನ ಕೇಳೂದಿಲ್ಲೇನು? ನಿಮ್ಮ ಸಕ್ಕರಿ ಯಾವ ದೇಶಕ್ಕ ಹೋಗ್ತೈತಿ?”

“ಯಾವ ದೇಶಕ್ಕ ಹೋಗ್ತೈತವಾ!” ಎಂದಳು ಸೈದಾಬಿ. “ಇಲ್ಲೇ, ನಮ್ಮ ಮಂದಿ ಚಾದಾಗ.”